ಸಾಣೆಯ ಮೇಲೆ ಸಿಡಿದ ಹರಳು

ಹರಳು ಸಿಡಿದಾಗ ಆದ ಸಪ್ಪಳ ದೊಡ್ಡದೇನಲ್ಲ. ಕಾದ ಎಣ್ಣೆಯಲ್ಲಿ ಸಾಸಿವೆ ಚಟ್ ಅಂದಂತೆ, ಅಷ್ಟೇ. ಆದರೆ ಅದನ್ನು ಸಾಣೆಗೆ ಹಿಡಿದು ನನ್ನ ಎದುರಿಗೆ ಕೂತಿದ್ದ ನಮ್ಮನೆಯವರು ಮುಖ ಹಿಡಿದುಕೊಂಡು ಹಿಂದಕ್ಕೆ ವಾಲಿದರು. ಬೆರಳ ಸಂದಿಯಿಂದ ರಕ್ತ ಇಳಿಯಿತು. ನಾನು ಮೋಟಾರು ಬಂದ್ ಮಾಡಿ, ಅವರ ಕೈ ಬಿಡಿಸಿ ನೋಡಿದೆ. ಕಣ್ಣು ಉಳಿದಿತ್ತು. ಅದರ ಕೆಳಗೆ, ಕೆನ್ನೆಯ ಎಲುಬಿನ ಮೇಲೆ, ಬ್ಲೇಡಿನಿಂದ ಗೀರಿದಂತೆ ಸೀಳಿತ್ತು.

"ಕಣ್ಣು ಕಾಣತೈತೇನ್ರಿ?" ಅಂದೆ.

"ಹರಳು ನೋಡು. ಹರಳು ಎಲ್ಲಿ ಹೋತು ನೋಡು," ಅಂದರು.

ಹರಳು ಇರಲಿಲ್ಲ. ಅದನ್ನು ಕಚ್ಚಿ ಹಿಡಿದಿದ್ದ ಇಕ್ಕಳದಂಥ ಹಿಡಿಕೆಯ ಬಾಯಿ ಖಾಲಿ ಇತ್ತು. ಸಾಣೆಯ ಕರಿ ಎಣ್ಣೆಯ ಮೇಲೆ ಬೂದು ಬಣ್ಣದ ಒಂದು ಗೀರು ಮಾತ್ರ ಎದ್ದಿತ್ತು.

ನನ್ನ ತವರು ಮುದ್ದೇಬಿಹಾಳ. ಇಂಡಿಗೆ ಮದುವೆಯಾಗಿ ಬಂದ ವರ್ಷವೇ ಗಂಡನ ಹಿಂದೆ ಸೂರತ್ತಿಗೆ ಹೋದೆ. ನಮ್ಮ ಕಡೆಯ ಗಂಡಸರು ದುಡಿಯಲಿಕ್ಕೆ ಸೊಲ್ಲಾಪುರ, ಪುಣೆ, ಗೋವಾ ಅಂತ ಹೋಗುತ್ತಾರೆ. ಇವರು ಗೆಳೆಯನೊಬ್ಬನ ಮಾತು ಕೇಳಿ ಅಷ್ಟು ದೂರ ಹೋಗಿ ವಜ್ರಕ್ಕೆ ಸಾಣೆ ಹಿಡಿಯುವ ಕಾರ್ಖಾನೆ ಸೇರಿದ್ದರು. ಮೊದಮೊದಲು ನಾನು ಡಬ್ಬಿ ಕಟ್ಟಿ ಕಳಿಸಿ ಸುಮ್ಮನೆ ಮನೆಯಲ್ಲಿ ಕೂರುತ್ತಿದ್ದೆ. ಆಮೇಲೆ ನಮ್ಮ ಓಣಿಯ ಹೆಂಗಸರ ಜೊತೆ ನಾನೂ ಹೋಗಿ ಸಾಣೆಯ ಮುಂದೆ ಕೂತೆ. ಕಲಿಸಿದವರು ಒಬ್ಬ ಮುದುಕ ಉಸ್ತಾದರು, ಸಿಟ್ಟಿನವರು. ಕೈ ತಪ್ಪಿದರೆ ಮೊಣಕಾಲಿಗೆ ಕಟ್ಟಿಗೆಯಿಂದ ಬಾರಿಸುತ್ತಿದ್ದರು. ಗಂಡಸು ಹೆಂಗಸು ಅಂತ ಭೇದ ಇರಲಿಲ್ಲ.

ವಜ್ರ ಹುಟ್ಟುವ ಬಗೆಯನ್ನೂ ಅವರೇ ಹೇಳಿದ್ದು. ನಾವು ತೋಡುವ ಯಾವ ಬಾವಿ, ಯಾವ ಗಣಿಯೂ ಮುಟ್ಟದ ಆಳದಲ್ಲಿ, ಬೆಂಕಿಯಂಥ ಕಾವಿನಲ್ಲಿ, ಮೇಲಿನ ಭೂಮಿಯ ಪೂರಾ ಭಾರ ಬಿದ್ದು ಇದ್ದಿಲಿನ ಜಾತಿಯ ವಸ್ತುವೇ ಗಟ್ಟಿಯಾಗಿ ಹರಳಾಗುತ್ತದಂತೆ. ಹಾಗೇ ಯುಗಯುಗ ಅಲ್ಲೇ ಬಿದ್ದಿರುತ್ತದೆ. ಒಂದು ದಿನ ಕೆಳಗಿನ ಕುದಿಕಲ್ಲು ದಾರಿ ಸೀಳಿಕೊಂಡು ಮೇಲೇಳುತ್ತದೆ, ಸಿಕ್ಕದ್ದನ್ನೆಲ್ಲ ಎಳೆದುಕೊಂಡು ಬರುತ್ತದೆ. ತಡ ಮಾಡಿ ನಿಧಾನಕ್ಕೆ ಬಂದರೆ ಹರಳು ಹರಳಾಗಿ ಉಳಿಯುವುದಿಲ್ಲ, ಪೆನ್ಸಿಲಿನ ಒಳಗಿನ ಕಡ್ಡಿಯಂಥ ಕರಿ ಪುಡಿಯಾಗುತ್ತದೆ. "ಬಡಿಸಿಕೊಂಡು ಬಂದ ಮಾಲು ಇದು," ಅನ್ನುತ್ತಿದ್ದರು ಉಸ್ತಾದರು. "ಬಡಿತ ಕೆಲವು ಹರಳಿನ ಒಳಗೇ ಉಳಿದಿರುತ್ತದೆ."

ಒಳಗೆ ಉಳಿದ ಆ ಬಡಿತಕ್ಕೆ ಸೂರತ್ತಿನ ಕೆಲಸಗಾರರೆಲ್ಲ ಟೆನ್ಶನ್ ಅನ್ನುತ್ತಾರೆ. ಬರಿಗಣ್ಣಿಗೆ ಕಾಣುವುದಿಲ್ಲ. ಕಪ್ಪು ಕನ್ನಡಕದ ಗಾಜಿನಂಥ ಎರಡು ಹಾಳೆಗಳ ನಡುವೆ ಹರಳಿಟ್ಟು, ಒಂದು ಹಾಳೆ ಅಡ್ಡ ತಿರುಗಿಸಿ ಬೆಳಕಿಗೆ ಹಿಡಿಯಬೇಕು. ನೆಮ್ಮದಿಯ ಹರಳಾದರೆ ಒಳಗೆಲ್ಲ ಕತ್ತಲು. ಟೆನ್ಶನ್ ಇದ್ದರೆ ಮಳೆನೀರಿನ ಮೇಲೆ ಡೀಸೆಲ್ ಚೆಲ್ಲಿದಂತೆ ಬಣ್ಣಬಣ್ಣ. ಅಂಥ ಹರಳಿಗೆ ಸಾಣೆಯ ಕಾವು ತಾಗಿದರೆ ಬಿರಿಯಬಹುದು, ಒಮ್ಮೊಮ್ಮೆ ಪೂರಾ ಸಿಡಿಯಬಹುದು. ಹರಳು ಎಷ್ಟೇ ಗಡಸಿರಲಿ, ಗಡಸಿದ್ದದ್ದು ಒಡೆಯುವುದಿಲ್ಲ ಅಂತೇನಿಲ್ಲ.

ಕೊರೋನಾ ಕಾಲದಲ್ಲಿ ಕಾರ್ಖಾನೆಗಳು ಮುಚ್ಚಿದವು. ನಾವು ಊರಿಗೆ ಬಂದೆವು, ತಿರುಗಿ ಹೋಗಲಿಲ್ಲ. ಇಂಡಿ ಊರ ಹೊರಗೆ ನಿಂಬೆ ತೋಟಗಳಿಗೆ ಹತ್ತಿದಂತೆ ನಮ್ಮ ಮನೆ. ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿ ಹಳೆಯ ಸಾಣೆಗಳನ್ನು ತರಿಸಿ ಕೂಡಿಸಿದೆವು. ಊರಿನವರು ಬಂದು ನೋಡಿ, "ಇಷ್ಟ ಸಣ್ಣ ಹರಳಿಗೆ ಇಷ್ಟ ದೊಡ್ಡ ಚಕ್ರ ಯಾಕ್ರಿ?" ಅಂತ ನಗುತ್ತಿದ್ದರು. ಚಕ್ರ ಬೀಡುಕಬ್ಬಿಣದ್ದು. ಅದರ ಮೇಲೆ ಎಣ್ಣೆಯಲ್ಲಿ ಕಲಸಿದ ವಜ್ರದ ಪುಡಿ ಸವರಬೇಕು. ವಜ್ರವನ್ನು ಬೇರೆ ಯಾವುದೂ ಉಜ್ಜಲಾರದು, ವಜ್ರವೇ ಉಜ್ಜಬೇಕು. ಕಟ್ಟಿಗೆಗೆ ಎಳೆ ಇದ್ದಂತೆ ಹರಳಿಗೂ ಒಳಗೆ ಎಳೆ ಇದೆ. ಎಳೆ ನೋಡಿ ಹಿಡಿದರೆ ಬೆಣ್ಣೆಯಂತೆ ಸವೆಯುತ್ತದೆ, ಎಳೆ ತಪ್ಪಿದರೆ ಸಾಣೆಯನ್ನೇ ಕೊರೆಯುತ್ತದೆ.

ನಮಗೆ ಕಚ್ಚಾ ಹರಳು ತಂದುಕೊಡುತ್ತಿದ್ದವನು ಸಿಂದಗಿಯ ದಲಾಲ. ಸೂರತ್ತಿನ ಮಾಲಕರಿಂದ ತಂದು ಕೊಟ್ಟು, ಸಾಣೆಯಾದ ಮೇಲೆ ಒಯ್ಯುತ್ತಿದ್ದ. ಮಾತು ಬಲ್ಲವನು. ಅರ್ಧ ಮರಾಠಿ, ಅರ್ಧ ಕನ್ನಡ. ನನ್ನನ್ನು ವೈನಿ, ಅಂದರೆ ಅತ್ತಿಗೆ, ಅಂತ ಕರೆಯುತ್ತಿದ್ದ. ನಮ್ಮ ಅತ್ತೆಗೆ ಬಂದಾಗಲೊಮ್ಮೆ ಬಾಳೆಹಣ್ಣು ತರುತ್ತಿದ್ದ.

ಆ ಹರಳು ತಂದ ದಿನ ಅವನು ಶೆಡ್ಡಿನ ಬಾಗಿಲು ಹಾಕಿಕೊಂಡೇ ಕಾಗದದ ಪುಡಿಕೆ ಬಿಚ್ಚಿದ. ಹುಣಸೆಬೀಜಕ್ಕಿಂತ ಕೊಂಚ ಸಣ್ಣದು, ಚಹದ ನೀರಿನಂಥ ತೆಳು ಕಂದು. ಅಷ್ಟು ದೊಡ್ಡ ಹರಳು ನಮ್ಮ ಶೆಡ್ಡಿಗೆ ಅದಕ್ಕೂ ಮೊದಲು ಬಂದಿರಲಿಲ್ಲ. ಇವರು ಎರಡು ಹಾಳೆಗಳ ನಡುವೆ ಹಿಡಿದು ನೋಡಿದರು, ನನಗೂ ತೋರಿಸಿದರು. ಒಳಗೆ ಹೋಳಿಯ ಬಣ್ಣವೆಲ್ಲ ಇತ್ತು.

"ಇದು ಬ್ಯಾಡ್ರಿ. ಟೆನ್ಶನ್ ಭಾಳ ಐತಿ. ಹಚ್ಚಿದ್ರ ಸಿಡೀತೈತಿ," ಅಂದರು.

ದಲಾಲ ನಕ್ಕ. "ಟೆನ್ಶನ್ ಯಾರಿಗಿಲ್ಲಪಾ ಈ ಜಗತ್ತಿನ್ಯಾಗ? ಕೆಲಸ ಹಚ್ಚು. ನಾ ಅದೀನಲ್ಲ."

ಅವನು ಹೇಳಿದ್ದು ಅಷ್ಟೇ. ನಾನು ಅಲ್ಲೇ ಇದ್ದೆ.

ಸಿಡಿದ ಮೇಲೆ ನಾವಿಬ್ಬರೂ ಶೆಡ್ಡಿನ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಒದ್ದೆ ಅರಿವೆಯಿಂದ ಒಂದೊಂದೇ ಮೂಲೆ ಒರೆಸಿದೆವು. ಅರಿವೆ ನೀರಲ್ಲಿ ಹಿಂಡಿ, ನೀರು ಸೋಸಿ, ಅಡಿಯಲ್ಲಿ ಉಳಿದ ಚೂರುಗಳನ್ನು ಕಾಗದದಲ್ಲಿ ಕಟ್ಟಿಟ್ಟೆ. ಉಪ್ಪಿನ ಹರಳಿನಷ್ಟು ಕೆಲವು, ಉಳಿದದ್ದೆಲ್ಲ ಹಿಟ್ಟು. ಅವರ ಕೆನ್ನೆಗೆ ಅರಿಷಿಣ ಮೆತ್ತಿ ಬಟ್ಟೆ ಕಟ್ಟಿದೆ. ಆಮೇಲೆ ಇವರೇ ಫೋನು ಮಾಡಿ ದಲಾಲನಿಗೆ ಇದ್ದದ್ದು ಇದ್ದಂತೆ ಹೇಳಿದರು. ಆ ಕಡೆಯಿಂದ ಫೋನು ಕಟ್ಟಾಯಿತು.

ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ. ಜೀಪು ಬಂದು ನಿಂತಿತು. ದಲಾಲನ ಜೊತೆ ಇಬ್ಬರು ಬಂದಿದ್ದರು. ಒಬ್ಬ ಎತ್ತರದವನು. ಇನ್ನೊಬ್ಬ ಗಿಡ್ಡ, ಹೆಗಲು ಅಗಲ, ಕೊರಳಲ್ಲಿ ಕೆಂಪು ವಸ್ತ್ರ. ಯಾರೂ ಚಪ್ಪಲಿ ಬಿಡಲಿಲ್ಲ. ನೇರ ಹಿತ್ತಲಿಗೆ ನಡೆದರು. ನಾನು ಹಿಟ್ಟಿನ ಕೈಯಲ್ಲೇ ಹಿಂದೆ ಓಡಿದೆ.

"ಹರಳು ಎಲ್ಲೈತಿ?" ಅಂದ ದಲಾಲ.

ಇವರು ಕಾಗದದ ಪುಡಿಕೆ ಮುಂದಿಟ್ಟರು. "ಸಿಡದೈತ್ರಿ. ಇದ ನೋಡ್ರಿ, ಸಿಕ್ಕಷ್ಟು..."

ಮಾತು ಮುಗಿಯುವ ಮೊದಲೇ ಗಿಡ್ಡನವನು ಅವರ ಬಾಯಿಗೆ ಗುದ್ದಿದ. ಇವರು ಸಾಣೆಯ ಮೇಜಿನ ಮೇಲೆ ಬಿದ್ದರು. ಎತ್ತರದವನು ಕೂದಲು ಹಿಡಿದೆತ್ತಿ ಹೊಟ್ಟೆಗೆ ಒದ್ದ. ಕೆನ್ನೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಗಾಯ ಮತ್ತೆ ತೆರೆಯಿತು. ನಾನು ಅಡ್ಡ ಹೋದೆ. ಎತ್ತರದವನು ನನ್ನ ತುರುಬಿಗೆ ಕೈ ಹಾಕಿ ಬಿಚ್ಚಿ, ಕೂದಲೊಳಗೆ ಬೆರಳಾಡಿಸಿದ. ಬಾಯಿ ತೆಗೆ ಅಂದ. ನಾನು ತೆಗೆಯಲಿಲ್ಲ. ದವಡೆ ಒತ್ತಿ ತೆರೆಸಿ ನಾಲಗೆಯ ಕೆಳಗೆ ನೋಡಿದ. ಅವನ ಬೆರಳಿನ ತಂಬಾಕಿನ ವಾಸನೆ ಇವತ್ತಿಗೂ ನನ್ನ ಬಾಯಲ್ಲಿದೆ. ನಾನು ಕಚ್ಚಿದೆ. ಕಪಾಳಕ್ಕೆ ಬಿಟ್ಟ. ಕಿವಿಯಲ್ಲಿ ಗುಂಯ್ ಅಂತು, ಮುಂದಿನದೆಲ್ಲ ನೀರೊಳಗೆ ಕೇಳಿದಂತೆ ಕೇಳಿತು.

ದಲಾಲ ಬಾಗಿಲ ಹತ್ತಿರ ನಿಂತಿದ್ದ. ನಮ್ಮ ಕಡೆ ನೋಡುತ್ತಿರಲಿಲ್ಲ, ತೋಟದ ಕಡೆ ಮುಖ ಮಾಡಿದ್ದ. "ವೈನೀ, ಹೇಳಿಬಿಡ್ರಿ. ನನ್ನ ಮನ್ಯಾಗೂ ಹೆಂಡ್ರು ಮಕ್ಳು ಅದಾರ. ಸೂರತ್ತಿನವ್ರು ನನ್ನ ಬಿಡಂಗಿಲ್ಲ," ಅನ್ನುತ್ತಿದ್ದ. ಅವನ ದನಿಯಲ್ಲಿ ಅಳು ಇತ್ತು.

ಗಿಡ್ಡನವನು ಮೋಟಾರು ಚಾಲು ಮಾಡಿದ.

ಸಾಣೆ ವೇಗ ಹಿಡಿದಾಗ ತಿರುಗುವುದೇ ಕಾಣುವುದಿಲ್ಲ. ಸುಮ್ಮನೆ ನಿಂತ ಕರಿ ತಟ್ಟೆಯಂತೆ ಕಾಣುತ್ತದೆ. ಆ ಇಬ್ಬರು ಇವರ ಬಲಗೈ ಎಳೆದು, ಅಂಗೈ ಕೆಳಗೆ ಮಾಡಿ, ಅದರ ಮೇಲೆ ಒತ್ತಿದರು. ಇವರು ಕೂಗಿದ್ದು ಮನುಷ್ಯರ ಕೂಗಿನಂತಿರಲಿಲ್ಲ. ಎಣ್ಣೆ, ಚರ್ಮ ಸುಟ್ಟ ನಾತ, ತಗಡಿನ ಗೋಡೆಗೆ ಹಾರಿದ ರಕ್ತದ ಗೆರೆ.

ಆಗ ಹಿಂದಿನಿಂದ ನಮ್ಮ ಅತ್ತೆಯ ದನಿ ಬಂತು. ಹಿತ್ತಲ ಬಾಗಿಲಲ್ಲಿ ಎದೆ ಬಡಿದುಕೊಳ್ಳುತ್ತ ನಿಂತಿದ್ದರು. ಕೂಗಿದ್ದು ಅವರಿಗಲ್ಲ, ನನಗೆ. "ಕೊಟ್ಟಬಿಡವಾ! ಎಲ್ಲಿ ಇಟ್ಟೀದಿ, ಕೊಟ್ಟಬಿಡ! ನನ್ನ ಮಗನ್ನ ಉಳಿಸವಾ!"

ಗೋಡೆಯ ಹತ್ತಿರ ಮೋಟಾರಿನ ಪಟ್ಟಿ ಬಿಗಿ ಮಾಡುವ ಕಬ್ಬಿಣದ ಉದ್ದ ಪಾನಾ ಇತ್ತು. ಎರಡೂ ಕೈಯಿಂದ ಎತ್ತಿ ಗಿಡ್ಡನವನ ಹೆಗಲಿಗೆ ಹಾಕಿದೆ. ತಲೆಗೆ ಅಂತಲೇ ಎತ್ತಿದ್ದು, ಅವನು ಬಗ್ಗಿದ್ದರಿಂದ ಹೆಗಲಿಗೆ ಬಿತ್ತು. ಎಲುಬು ಮುರಿದದ್ದು ನನ್ನ ಅಂಗೈಗೆ ಗೊತ್ತಾಯಿತು. ಅವನು ಕೂತ. ಮತ್ತೊಮ್ಮೆ ಹಾಕಿದೆ. ಎತ್ತರದವನು ಇವರ ಕೈ ಬಿಟ್ಟು ನನ್ನ ಕಡೆ ಬಂದ. ಪಾನಾ ಬೀಸಿದೆ. ಅವನಿಗೆ ತಾಗಲಿಲ್ಲ, ಟ್ಯೂಬ್‌ಲೈಟಿಗೆ ತಾಗಿ ಗಾಜು ನಮ್ಮೆಲ್ಲರ ಮೇಲೆ ಸುರಿಯಿತು. ಅಷ್ಟರಲ್ಲಿ ತೋಟದಲ್ಲಿ ನಿಂಬೆಕಾಯಿ ಕೀಳುತ್ತಿದ್ದ ಹೆಂಗಸರು ಕೂಗಾಡುತ್ತ ಬೇಲಿ ದಾಟಿ ಬಂದರು. ದಲಾಲ ಮೊದಲು ಓಡಿದವನು. ಎತ್ತರದವನು ಗಿಡ್ಡನವನನ್ನು ದರದರ ಎಳೆದುಕೊಂಡು ಹೋಗಿ ಜೀಪಿಗೆ ಹಾಕಿದ.

ಇವರ ಅಂಗೈಯ ತೊಗಲು ಹೋಗಿತ್ತು. ಮೂರು ಬೆರಳಲ್ಲಿ ಎಲುಬು ಬಿಳಿ ಕಾಣುತ್ತಿತ್ತು. ಹೊಸ ಸೀರೆಯಲ್ಲಿ ಸುತ್ತಿ ವಿಜಯಪುರದ ದವಾಖಾನೆಗೆ ಒಯ್ದೆವು. ತೊಡೆಯ ತೊಗಲು ತೆಗೆದು ಅಂಗೈಗೆ ಹಚ್ಚಿದರು. ಬೆರಳು ಉಳಿದವು, ಮಡಚುವುದು ಉಳಿಯಲಿಲ್ಲ.

ನನ್ನ ತಮ್ಮ ಮುದ್ದೇಬಿಹಾಳದಲ್ಲಿ ಟಾಯರ್ ಅಂಗಡಿ ಇಟ್ಟಿದ್ದಾನೆ. ಸುದ್ದಿ ತಿಳಿದು ದವಾಖಾನೆಗೆ ಬಂದ. ಭಾವನ ಕೈ ನೋಡಿದ, ನನ್ನ ಬಾತ ಮುಖ ನೋಡಿದ. ಹಾಗೇ ತಿರುಗಿ ಹೊರಗೆ ಹೋದ. ನಾನು ಮೆಟ್ಟಿಲವರೆಗೆ ಹಿಂದೆ ಹೋದೆ.

"ಎಲ್ಲಿಗಿ ಹೊಂಟಿಯೋ?"

"ಚಾ ಕುಡದ ಬರ್ತೇನಿ ಅಕ್ಕಾ."

ಅವನು ಹೋದದ್ದು ಸಿಂದಗಿಗೆ. ದಲಾಲನನ್ನು ಅವನ ಅಂಗಡಿಯಿಂದ ಅಂಗಿ ಹಿಡಿದು ಎಳೆದು, ಪೇಟೆಯ ನಡುವೆ, ಸಂತೆಯ ಜನದ ಕಣ್ಣೆದುರು ಹೊಡೆದ. ಟಾಯರ್ ಬಿಚ್ಚುವ ಕಬ್ಬಿಣದ ಪಟ್ಟಿ ಒಯ್ದಿದ್ದ. ದಲಾಲನ ಮುಂದಿನ ಹಲ್ಲುಗಳು ಹೋದವು, ದವಡೆ ಬಿರುಕು ಬಿಟ್ಟಿತು. ಬಿಡಿಸಲು ಬಂದ ಹಣ್ಣಿನ ಅಂಗಡಿಯವನಿಗೂ ಏಟು ಬಿತ್ತು. ಆ ಮನುಷ್ಯ ಯಾರೂ ಅಲ್ಲ, ಏನೂ ಮಾಡಿದವನಲ್ಲ. ಪೊಲೀಸರು ತಮ್ಮನನ್ನು ಒಯ್ದರು. ನಮ್ಮ ದೂರಿಗೆ ಅವರ ದೂರು, ಅವರ ದೂರಿಗೆ ಮತ್ತೊಂದು. ನನ್ನ ಹೆಸರೂ ಒಂದರಲ್ಲಿ ಇತ್ತು: ಹೆಗಲು ಮುರಿದವಳು ಅಂತ.

ಇಂಡಿಯ ಓಣಿಯಲ್ಲಿ ಮಾತು ಬೇರೆಯೇ ಹುಟ್ಟಿತು. ನೀರಿಗೆ ಬಂದ ಹೆಂಗಸರು ನಾನು ಹೋದ ಕೂಡಲೇ ಮಾತು ಬದಲಿಸುತ್ತಿದ್ದರು. ಒಬ್ಬಳಂತೂ ಮುಖಕ್ಕೇ ಕೇಳಿದಳು: "ಖರೇ ಹೇಳವಾ, ಅಷ್ಟ ಬಡಿಸಿಕೊಂಡ್ರೂ ಕೊಡಲಿಲ್ಲಂದ್ರ ಎಷ್ಟ ದೊಡ್ಡ ವಜ್ರ ಅದು?"

ರಾಜಿ ಮಾತಿಗೆ ಕೂತದ್ದು ಇಂಡಿಯ ವಕೀಲರೊಬ್ಬರ ಕಚೇರಿಯಲ್ಲಿ. ಸೂರತ್ತಿನಿಂದ ಮಾಲಕರ ಕಡೆಯ ಒಬ್ಬ ಹಿರಿಯರು ಬಂದಿದ್ದರು. ಬಿಳಿ ಅಂಗಿ, ತೆಳ್ಳನೆಯ ಮೈ, ಮೆಲುದನಿ. ದಲಾಲ ಒಂದು ಮೂಲೆಯಲ್ಲಿ ಬಾಯಿಗೆ ಕರ್ಚೀಫು ಒತ್ತಿಕೊಂಡು ಕೂತಿದ್ದ. ಹಿರಿಯರು ನನ್ನ ಕಡೆ ತಿರುಗಿ ಹಿಂದಿಯಲ್ಲಿ, "ಚೂರು ಇಟ್ಟಿದ್ದೀಯಾ ತಂಗಿ?" ಅಂದರು.

ಅವತ್ತು ಶೆಡ್ಡಿನ ನೆಲದಿಂದ ಎತ್ತಿಟ್ಟಿದ್ದ ಪುಡಿಕೆ ಕೊಟ್ಟೆ. ಕಿಟಕಿಯ ಹತ್ತಿರ ಹೋಗಿ, ಕಣ್ಣಿಗೆ ಭೂತಗನ್ನಡಿ ಹಿಡಿದು, ಚಿಮಟಿಗೆಯಲ್ಲಿ ಒಂದೊಂದೇ ಚೂರು ಎತ್ತಿ ನೋಡಿದರು. ಬಹಳ ಹೊತ್ತೇನೂ ಹಿಡಿಯಲಿಲ್ಲ.

"ಸಿಡಿದದ್ದೇ," ಅಂದರು. "ಎಳೆಯ ಗುಂಟ ಸೀಳಿದೆ. ಮೈ ಕನ್ನಡಿಯಂತಿದೆ. ಇದೇ ಹರಳು, ಇದೇ ಬಣ್ಣ."

ವಕೀಲರು ಕೇಳಿದರು: "ಹಂಗಾದ್ರ ನಿಮಗ ಹಾನಿ ಆತಲ್ರಿ?"

ಹಿರಿಯರು ಭುಜ ಹಾರಿಸಿದರು. "ಪ್ರತಿ ಲಾಟ್ ಮಾಲಿನಲ್ಲೂ ಒಂದೆರಡು ಹೋಗುತ್ತವೆ. ಅದನ್ನು ಲೆಕ್ಕ ಹಿಡಿದೇ ನಾವು ಕೊಳ್ಳುವುದು." ಆಮೇಲೆ ದಲಾಲನ ಕಡೆ ನೋಡಿ, "ನಿನಗೆ ಯಾರು ಹೇಳಿದರು ಹೊಡೆ ಅಂತ? ನನಗೊಂದು ಫೋನು ಮಾಡಿದ್ದರೆ ಸಾಕಿತ್ತು," ಅಂದರು.

ದಲಾಲ ಕರ್ಚೀಫು ತೆಗೆಯಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು. ನನಗೆ ಕರುಣೆ ಬರಲಿಲ್ಲ. ಪಕ್ಕದಲ್ಲಿ ನಮ್ಮನೆಯವರು ಬ್ಯಾಂಡೇಜಿನ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಎದ್ದರು. ಮೇಜಿನ ಮೇಲಿದ್ದ ನೀರಿನ ಸ್ಟೀಲ್ ತಂಬಿಗೆ ಎಡಗೈಲಿ ಎತ್ತಿ ಆ ಹಿರಿಯರ ಮುಖಕ್ಕೆ ಎಸೆದರು. ಗುರಿ ತಪ್ಪಿತು, ತಂಬಿಗೆ ಗೋಡೆಗೆ ಬಡಿದು ಉರುಳಿತು. ನಾಲ್ಕು ಜನ ಹಿಡಿದುಕೊಂಡರು. ಮದುವೆಯಾದಾಗಿನಿಂದ ಅವರು ಯಾರ ಮೇಲೂ ಕೈ ಎತ್ತಿದ್ದನ್ನು ನಾನು ನೋಡಿರಲಿಲ್ಲ. ಹಿರಿಯರು ಅಂಗಿಯ ನೀರು ಒರೆಸಿಕೊಂಡು, ಚೂರಿನ ಪುಡಿಕೆ ಜೇಬಿಗೆ ಹಾಕಿಕೊಂಡರು. ಚೂರು ವ್ಯರ್ಥವಲ್ಲ. ಅರೆದು ಸಾಣೆಗೆ ಸವರುವ ಪುಡಿ ಮಾಡುತ್ತಾರೆ.

ಎಲ್ಲರೂ ದೂರು ಹಿಂದಕ್ಕೆ ತೆಗೆದುಕೊಂಡರು. ದವಾಖಾನೆಯ ಖರ್ಚು ಮಾಲಕರು ಕೊಟ್ಟರು. ಹಣ್ಣಿನ ಅಂಗಡಿಯವನೊಬ್ಬ ಮಾತ್ರ ಒಪ್ಪಲಿಲ್ಲ. ಅವನು ಹಾಕಿದ ಕೇಸಿಗೆ ನನ್ನ ತಮ್ಮ ಇನ್ನೂ ಸಿಂದಗಿ ಕೋರ್ಟಿಗೆ ಅಲೆಯುತ್ತಾನೆ. ಆ ಮನುಷ್ಯನ ಕಡೆ ನ್ಯಾಯ ಇದೆ, ಅದು ತಮ್ಮನಿಗೂ ಗೊತ್ತು.

ಇಂಡಿಯಲ್ಲಿ ಇರಲಾಗದೆ ನಾವು ಬಸವನ ಬಾಗೇವಾಡಿಗೆ ಬಂದೆವು. ಈಗ ಸಾಣೆಯ ಮುಂದೆ ನಾನು ಕೂರುತ್ತೇನೆ. ಸೂರತ್ತಿನ ಬೇರೊಬ್ಬ ಮಾಲಕರಿಂದ ಸಣ್ಣ ಹರಳು ಬರುತ್ತವೆ. ಇವರು ಕಿಟಕಿಯ ಹತ್ತಿರ ಕೂತು ಎಡಗೈಯಲ್ಲಿ ಚಿಮಟಿಗೆ ಹಿಡಿದು ಅವನ್ನು ಬೇರೆ ಬೇರೆ ಮಾಡುತ್ತಾರೆ. ಬಿಳಿ ಕಾಗದ ಮಡಚಿ, ಹರಳನ್ನು ಬೋರಲು ಹಾಕಿ ಬಣ್ಣ ನೋಡಬೇಕು. ನೀರಿನಂಥದ್ದು ಮೇಲು, ಹಳದಿ ಸೇರಿದಷ್ಟೂ ಕೆಳಗೆ. ಒಳಗಿನ ಕರಿ ಚುಕ್ಕೆ ನಟ್ಟನಡುವೆ ಇದ್ದರೆ ಬೆಲೆ ಬೀಳುತ್ತದೆ. ಅಂಚಿನಲ್ಲಿದ್ದರೆ ಬಂಗಾರದ ಕೆಳಗೆ ಮುಚ್ಚಿಹೋಗುತ್ತದೆ, ಬೆಲೆ ಅಷ್ಟು ಬೀಳುವುದಿಲ್ಲ. ಸಾಣೆ ಹಿಡಿದ ಮುಖಗಳು ಸರಿಯಾಗಿ ಕೂಡಿದ್ದರೆ ಬೆಳಕು ಒಳಗೆ ಹೋಗಿ ಮೇಲಿನಿಂದಲೇ ತಿರುಗಿ ಬರುತ್ತದೆ, ಇಲ್ಲದಿದ್ದರೆ ಅಡಿಯಿಂದ ಸೋರಿಹೋಗುತ್ತದೆ. ನನ್ನ ಕೆಲಸವನ್ನು ಇವರು ಪರೀಕ್ಷೆ ಮಾಡಿ, "ಇದರ ಮುಖದ ಮೂಲಿ ಒಂದಕ್ಕೊಂದು ಕೂಡಿಲ್ಲ, ಮತ್ತ ಹಿಡಿ," ಅಂತ ತಿರುಗಿ ಕೊಡುತ್ತಾರೆ. ನಾವು ಜಗಳಾಡುತ್ತೇವೆ. ಎರಡು ಕಪ್ಪು ಹಾಳೆಗಳ ನಡುವೆ ನೋಡದೆ ಯಾವ ಹರಳನ್ನೂ ನಾನು ಸಾಣೆಗೆ ಹಚ್ಚುವುದಿಲ್ಲ. ಬಣ್ಣ ಕಂಡರೆ ವಾಪಸು ಕಳಿಸುತ್ತೇನೆ, ಯಾರು ಏನೇ ಅನ್ನಲಿ.

ಅತ್ತೆ ನಮ್ಮ ಜೊತೆಯೇ ಇದ್ದಾರೆ. ಅವತ್ತು ಕೂಗಿದ ಮಾತಿನ ಬಗ್ಗೆ ನಾವು ಮಾತಾಡಿದ್ದು ಒಂದೇ ಸಲ. ಅವರ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. "ನಾನು ಕದ್ದೀನಂತ ಖರೇನ ಅಂದಕೊಂಡಿದ್ರೇನ್ರಿ ಅತ್ತಿ?" ಅಂದೆ. "ನೀ ಕದ್ದಿದ್ರ ಚಲೋ ಆಗತಿತ್ತು ಅಂದಕೊಂಡಿದ್ದೆ. ಕದ್ದಿದ್ರ ತಿರುಗಿ ಕೊಡಬಹುದಿತ್ತಲ್ಲ," ಅಂದರು. ನನ್ನ ಕೈ ನಿಂತಿತು. ಆಮೇಲೆ ಮತ್ತೆ ಎಣ್ಣೆ ಹಚ್ಚಿದೆ.

ಹೋದ ಬೇಸಿಗೆಯಲ್ಲಿ ಮನಗೂಳಿಯ ಬಸ್ ಸ್ಟಾಂಡಿನಲ್ಲಿ ಆ ಗಿಡ್ಡನವನನ್ನು ನೋಡಿದೆ. ದ್ರಾಕ್ಷಿಯ ಬುಟ್ಟಿಗಳನ್ನು ಇಟ್ಟುಕೊಂಡು ಮಾರುತ್ತಿದ್ದ. ಒಂದು ಹೆಗಲು ಇಳಿದಿತ್ತು. ನನ್ನ ಗುರುತು ಹಿಡಿದ. ಓಡಬೇಕೋ ನಿಲ್ಲಬೇಕೋ ತಿಳಿಯದವನಂತೆ ತಕ್ಕಡಿ ಹಿಡಿದು ನಿಂತ. ನಾನೂ ನಿಂತೆ. ಕೈಗಳು ತಾವಾಗಿಯೇ ಮುಷ್ಟಿಯಾದವು.

"ಅವರ ಕೈ ಹೆಂಗೈತ್ರಿ?" ಅಂದ.

"ಮೂರ ಬೆರಳ ಮಡಚಂಗಿಲ್ಲ."

ಅವನು ತಲೆಯಾಡಿಸಿದ. "ನನಗೂ ತೋಳು ಮ್ಯಾಲ ಏಳಂಗಿಲ್ರಿ. ಅಂಗಿ ಹಾಕ್ಕೊಳ್ಳಾಕ ಹೆಂಡ್ತಿ ಬೇಕು."

ನಾನು ತಪ್ಪಾಯಿತು ಅನ್ನಲಿಲ್ಲ. ಅವನೂ ಅನ್ನಲಿಲ್ಲ. ಆ ಪಾನಾ ಈಗ ಕೈಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆ ಅಂತ ನನ್ನನ್ನೇ ಕೇಳಿಕೊಂಡೆ. ಎತ್ತುತ್ತಿರಲಿಲ್ಲ ಅಂತ ಆಣೆ ಮಾಡಿ ಹೇಳಲಾರೆ. ಅವನ ಹಿಂದೆ ಅವನ ಹೆಂಡತಿ ಕೂತು ಕೆಟ್ಟ ದ್ರಾಕ್ಷಿ ಆರಿಸಿ ತೆಗೆಯುತ್ತಿದ್ದಳು. ನಾವಿಬ್ಬರೂ ಯಾರು ಅಂತ ಅವಳಿಗೆ ಗೊತ್ತಿರಲಿಲ್ಲ. "ತಿಂದ ನೋಡಬೇ ಅಕ್ಕಾ, ಸಿಹಿ ಅದಾವು," ಅಂತ ಒಂದು ಗೊಂಚಲು ಮುಂದೆ ಹಿಡಿದಳು.

ಬಾಗೇವಾಡಿಯ ಬಸ್ಸು ಬಂತು. ಗೊಂಚಲು ತೆಗೆದುಕೊಳ್ಳದೆ ಹತ್ತಿದೆ.